ದದ್ದು ಏಳುವ ನಾಲ್ಕು ದಿನ ಮೊದಲು

ಆಶಾ ಕಾರ್ಯಕರ್ತೆ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳುವ ಪ್ರಶ್ನೆಗಳು ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಎಲ್ಲರಿಗೂ ಬಾಯಿಪಾಠ. ಮನೆಯಲ್ಲಿ ಬಸುರಿಯರಿದ್ದಾರೆಯೇ, ಕೂಸಿಗೆ ಸೂಜಿ ಹಾಕಿಸಿದ್ದೀರಾ, ತಾಯಿ ಕಾರ್ಡ್ ಎಲ್ಲಿದೆ. ಈಚೆಗೆ ಇನ್ನೊಂದು ಪ್ರಶ್ನೆಗೆ ತೂಕ ಹೆಚ್ಚಿದೆ: ಮಕ್ಕಳಲ್ಲಿ ಯಾರಿಗಾದರೂ ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದಿತ್ತೇ?

“ಎದ್ದಿತ್ತು ತಂಗೀ, ಈಗ ಇಳಿದಿದೆ” ಎಂದು ಅಜ್ಜಿ ಹೇಳಿದರೆ ಅಲ್ಲಿಗೆ ಮಾತು ಮುಗಿಯಬೇಕಿತ್ತು. ಮುಗಿಯುವುದಿಲ್ಲ. “ದದ್ದು ಏಳುವ ನಾಲ್ಕು ದಿನ ಮೊದಲು ಮೊಮ್ಮಗ ಎಲ್ಲೆಲ್ಲಿ ಆಡಿದ್ದ ಅಜ್ಜಿ? ಮನೆಗೆ ಯಾರು ಬಂದುಹೋಗಿದ್ದರು?” ಎಂದು ಮುಂದಿನ ಪ್ರಶ್ನೆ ಬರುತ್ತದೆ. ರೋಗ ಬಂದ ಮೇಲಿನದನ್ನು ಬಿಟ್ಟು ಬರುವ ಮೊದಲಿನದನ್ನು ಕೇಳುತ್ತಾರಲ್ಲ, ಇದೆಂಥ ವಿಚಾರಣೆ ಎಂದು ಅಜ್ಜಿಗೆ ಅನ್ನಿಸಿದರೆ ತಪ್ಪಿಲ್ಲ.

ಈ ಪ್ರಶ್ನೆಗೆ ಇಷ್ಟು ಅವಸರ ಬಂದಿರುವುದಕ್ಕೆ ಕಾರಣವಿದೆ. ದಡಾರ ಮತ್ತು ರುಬೆಲ್ಲಾ ರೋಗಗಳನ್ನು 2026ರ ಒಳಗೆ ದೇಶದಿಂದ ತೊಲಗಿಸುವ ಗುರಿಯೊಂದಿಗೆ ಕೇಂದ್ರ ಸರ್ಕಾರ 2025ರ ಏಪ್ರಿಲ್ 24ರಂದು ರಾಷ್ಟ್ರೀಯ ಅಭಿಯಾನ ಆರಂಭಿಸಿತು. ದೇಶದ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಈ ಕಟ್ಟೆಯ ಮೇಲಿನ ಮಾತುಕತೆಯಲ್ಲಿ. ಆ ನಾಲ್ಕು ದಿನಗಳ ಗುಟ್ಟು ಗೊತ್ತಾದರೆ ಆರೋಗ್ಯ ಕಾರ್ಯಕರ್ತೆಯರು ಮಾಡುವ ಬಹಳಷ್ಟು ಕೆಲಸಗಳ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ.

ಯಾವುದು ಗೊಬ್ಬರ, ಯಾವುದು ಅಲ್ಲ

ಸರ್ಕಾರಿ ಕಾಗದದಲ್ಲಿ ಇದರ ಹೆಸರು ದಡಾರ. ನಮ್ಮ ಕಡೆಯ ಮನೆಗಳಲ್ಲಿ ಗೊಬ್ಬರ. ಹೊರಗಿನಿಂದ ಬಂದವರು ಈ ಮಾತು ಕೇಳಿ ಹೊಲದ ಸುದ್ದಿ ಎಂದುಕೊಳ್ಳುವುದುಂಟು. ಮೈಮೇಲೆ ಏನೇ ಎದ್ದರೂ ‘ಅಮ್ಮ’ ಎಂದು ಕರೆಯುವ ರೂಢಿಯೂ ಇದೆ. ಹಾಗಾಗಿ ಆರೋಗ್ಯ ಕಾರ್ಯಕರ್ತೆ ಹೆಸರನ್ನು ಕೇಳುವುದಿಲ್ಲ, ಲಕ್ಷಣವನ್ನು ಕೇಳುತ್ತಾರೆ.

ದಡಾರ ಶುರುವಾಗುವುದು ನೆಗಡಿಯ ವೇಷದಲ್ಲಿ. ಜೋರು ಜ್ವರ, ಕೆಮ್ಮು, ಸೋರುವ ಮೂಗು, ಕೆಂಪಾಗಿ ನೀರಾಡುವ ಕಣ್ಣು. ಎರಡು ಮೂರು ದಿನಕ್ಕೆ ಕೆನ್ನೆಯ ಒಳಭಾಗದಲ್ಲಿ ಬಿಳಿ ಚುಕ್ಕೆಗಳು ಕಾಣಿಸಬಹುದು. ಆಮೇಲೆ ಕೂದಲಂಚಿನಲ್ಲಿ, ಕಿವಿಯ ಹಿಂದೆ ಕೆಂಪು ದದ್ದು ಶುರುವಾಗಿ ಮುಖ, ಎದೆ, ಕೈಕಾಲು ಎಂದು ಮೇಲಿನಿಂದ ಕೆಳಗೆ ಇಳಿಯುತ್ತದೆ. ದದ್ದಿನೊಳಗೆ ನೀರು ಇರುವುದಿಲ್ಲ. ನೀರು ತುಂಬಿದ ಗುಳ್ಳೆಯಾಗಿ ಎದೆ ಬೆನ್ನಿನ ಮೇಲೆ ಹೆಚ್ಚಾಗಿ ಕಂಡರೆ ಅದು ಸೀತಾಳೆ ಸಿಡುಬು ಇರಬಹುದು. ಅದರ ವೈರಸ್ ಬೇರೆ.

ರುಬೆಲ್ಲಾದಲ್ಲೂ ದದ್ದು ಏಳುತ್ತದೆ, ಮಕ್ಕಳಿಗೆ ಅಷ್ಟೇನೂ ಕಾಡುವುದಿಲ್ಲ. ಆದರೆ ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗುಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳಬಹುದು. ಬರಿಗಣ್ಣಿಗೆ ಎರಡೂ ದದ್ದು ಒಂದೇ ತರಹ. ಅದಕ್ಕೇ ರಕ್ತದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. “ಇಳಿದುಹೋದ ಗೊಬ್ಬರಕ್ಕೆ ರಕ್ತ ಯಾಕೆ” ಎಂದು ಸಿಟ್ಟಾಗುವವರಿದ್ದಾರೆ. ದದ್ದು ಎದ್ದು 28 ದಿನಗಳವರೆಗೆ ರಕ್ತದಲ್ಲಿ ಅದರ ಗುರುತು ಹುಡುಕಬಹುದು. ಮಗು ಗುಣವಾಗಿದ್ದರೂ ಊರಿನಲ್ಲಿ ಓಡಾಡಿದ್ದು ಯಾವುದೆಂದು ತಿಳಿಯಬೇಕಲ್ಲ.

ಪಕ್ಕದ ಮನೆಯ ಮೆಣಸಿನಕಾಯಿ ಘಾಟು

ಅಂಟುರೋಗಗಳೆಲ್ಲ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಡೆಂಗಿಗೆ ಸೊಳ್ಳೆ ಬೇಕು. ಕಾಲರಾಕ್ಕೆ ಕೆಟ್ಟ ನೀರು ಬೇಕು. ಕೆಲವು ರೋಗಗಳು ಕೆಮ್ಮಿದಾಗ ಸಿಡಿಯುವ ಹನಿಗಳಲ್ಲಿ ಬರುತ್ತವೆ. ಎಲೆ ಅಡಿಕೆ ಜಗಿಯುತ್ತ ಮಾತಾಡುವವರ ಬಾಯಿಂದ ಹಾರುವ ತುಂತುರಿನ ಹಾಗೆ ಆ ಹನಿಗಳು ಮಾರು ದೂರದೊಳಗೆ ನೆಲಕ್ಕೆ ಬೀಳುತ್ತವೆ. ಸರಿದು ನಿಂತರೆ ಬಹುಪಾಲು ಪಾರು.

ದಡಾರದ ದಾರಿ ಬೇರೆ. ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ನಮ್ಮ ಪಡಸಾಲೆಯಲ್ಲಿ ಕುಳಿತವರು ಕೆಮ್ಮುತ್ತಾರೆ. ಹುರಿದವರು ಬಾಣಲೆ ಇಳಿಸಿ ಹೊರಗೆ ಹೋದ ಮೇಲೂ ಘಾಟು ಒಳಗೇ ಇರುತ್ತದೆ. ದಡಾರದ ವೈರಸ್ ಹೊತ್ತ ಅತಿ ಸಣ್ಣ ಕಣಗಳೂ ಹೀಗೆಯೇ ಗಾಳಿಯಲ್ಲಿ ತೇಲುತ್ತವೆ. ಸೋಂಕು ತಗುಲಿದ ಮಗು ಕೋಣೆಯಿಂದ ಎದ್ದುಹೋಗಿ ಎರಡು ಗಂಟೆಯವರೆಗೂ ಆ ಗಾಳಿ ಉಸಿರಾಡಿದ ಇನ್ನೊಂದು ಮಗುವಿಗೆ ರೋಗ ಬರಬಹುದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಬೇಕೆಂದಿಲ್ಲ.

ಹೋಲಿಕೆ ಒಂದು ಕಡೆ ಸೋಲುತ್ತದೆ: ಘಾಟು ಮೂಗಿಗೆ ಗೊತ್ತಾಗುತ್ತದೆ, ವೈರಸ್ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ ಗೆಲ್ಲುತ್ತದೆ: ಎರಡಕ್ಕೂ ಮೊದಲ ಮದ್ದು ಕಿಟಕಿ ಬಾಗಿಲು ತೆರೆಯುವುದು.

ರೋಗನಿರೋಧಕ ಶಕ್ತಿ ಇಲ್ಲದ ಹತ್ತು ಮಂದಿ ರೋಗಿಯ ಹತ್ತಿರ ಇದ್ದರೆ ಒಂಬತ್ತು ಮಂದಿಗೆ ದಡಾರ ತಗಲುತ್ತದೆ. ಯಾರಿಗೂ ರಕ್ಷಣೆ ಇಲ್ಲದ ಊರಿನಲ್ಲಿ ಒಬ್ಬ ರೋಗಿ 12ರಿಂದ 18 ಮಂದಿಗೆ ಅಂಟಿಸುತ್ತಾನೆ. ಸಾಮಾನ್ಯ ಫ್ಲೂ ಒಬ್ಬರಿಂದ ಒಂದಿಬ್ಬರಿಗೆ ಹೋಗುತ್ತದೆ, ಅಷ್ಟೆ. ಮನುಷ್ಯನಿಗೆ ಬರುವ ಅಂಟುರೋಗಗಳಲ್ಲಿ ಇಷ್ಟು ಚುರುಕಾದವು ಕಡಿಮೆ.

ಬೇವಿನ ಸೊಪ್ಪು ಕಟ್ಟುವ ಹೊತ್ತಿಗೆ

ಅಮ್ಮ ಬಂದಿದ್ದಾಳೆ ಎಂದಾಗ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಮಗುವನ್ನು ಹೊರಗೆ ಬಿಡುವುದಿಲ್ಲ. ನೆಂಟರು ಒಳಗೆ ಬರುವುದಿಲ್ಲ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮೊದಲು ನೋಡಬೇಕಾದದ್ದು ಒಂದಿದೆ. ಸೊಪ್ಪು ಕಟ್ಟಿದ ಮನೆ ಎಂದರೆ ‘ಇಲ್ಲಿ ರೋಗಿ ಇದ್ದಾರೆ, ದೂರ ಇರಿ’ ಎಂಬ ಫಲಕ. ವೈರಸ್ ಎಂಬ ಮಾತೇ ಹುಟ್ಟದ ಕಾಲದಲ್ಲಿ ಊರು ತಾನಾಗಿ ಮಾಡಿಕೊಂಡ ಪ್ರತ್ಯೇಕವಾಸ ಅದು.

ಮೈಲಿ ಬೇನೆ, ಅಂದರೆ ಹಳೆಯ ಸಿಡುಬಿನ ಕಾಲಕ್ಕೆ ಈ ಪದ್ಧತಿ ಸರಿಯಾಗಿ ಹೊಂದುತ್ತಿತ್ತು. ಸಿಡುಬು ರೋಗಿ ಬಹುಪಾಲು ಗುಳ್ಳೆ ಏಳುವ ಹೊತ್ತಿನಿಂದಲೇ ಇತರರಿಗೆ ಅಂಟಿಸುತ್ತಿದ್ದ. ಗುಳ್ಳೆ ಕಂಡ ಕೂಡಲೇ ಬಾಗಿಲು ಹಾಕಿದರೆ ರೋಗದ ಕಾಲನ್ನು ಕಟ್ಟಿದಂತೆಯೇ. ರೋಗಿಯನ್ನು ಹುಡುಕಿ, ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ಸಿಡುಬನ್ನು ಅಟ್ಟಿದ್ದು ಇದೇ ಗುಣದ ಬಲದಿಂದ. ಭಾರತದಲ್ಲಿ ಅದು ಕೊನೆಯದಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ಲೋಕದಿಂದಲೇ ಹೋಯಿತೆಂದು ಘೋಷಣೆಯಾಯಿತು.

ದಡಾರ ಆ ಸೊಪ್ಪಿಗೆ ಸಿಗುವುದಿಲ್ಲ. ಮಗು ದದ್ದು ಏಳುವ ನಾಲ್ಕು ದಿನ ಮೊದಲಿನಿಂದ, ಎದ್ದು ನಾಲ್ಕು ದಿನದವರೆಗೆ ರೋಗ ಹರಡುತ್ತದೆ. ಆ ಮೊದಲಿನ ನಾಲ್ಕು ದಿನಗಳಲ್ಲಿ ಎಲ್ಲರ ಕಣ್ಣಿಗೂ ಅದು ಬರಿಯ ನೆಗಡಿ. ಮೂಗು ಒರೆಸಿಕೊಳ್ಳುತ್ತ ಅಂಗನವಾಡಿಗೆ ಹೋಗಿರುತ್ತದೆ, ಅಮ್ಮನ ಸೊಂಟದ ಮೇಲೆ ಸಂತೆಗೆ ಹೋಗಿರುತ್ತದೆ, ಗವಿಮಠದ ಜಾತ್ರೆಯಲ್ಲಿ ಅಪ್ಪನ ಹೆಗಲೇರಿ ತೇರು ನೋಡಿರುತ್ತದೆ. ಬಾಗಿಲಿಗೆ ಸೊಪ್ಪು ಏರುವ ಹೊತ್ತಿಗೆ ವೈರಸ್ ನಾಲ್ಕು ದಿನ ಮುಂದೆ ನಡೆದಿರುತ್ತದೆ.

ಆಶಾ ಕಾರ್ಯಕರ್ತೆ ಹಿಂದಿನ ದಿನಗಳನ್ನು ಕೆದಕುವುದು ಇದಕ್ಕೆ. ಹಾಗೆ ಕೆದಕಿ ಕೇಳುವ ವಿದ್ಯೆಗೆ ಹಳೆಯ ಬೇರಿದೆ. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಲ್ಲಿ ದಡಾರ ಎದ್ದಿತು. ಹಿಂದಿನ ಸಲ ಅಲ್ಲಿ ಬಂದದ್ದು 1781ರಲ್ಲಿ. ನಡುವಿನ 65 ವರ್ಷ ರೋಗವೇ ಇರಲಿಲ್ಲ. ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಮಲಗಿದರು. ಪೀಟರ್ ಪ್ಯಾನಮ್ ಎಂಬ ಡೆನ್ಮಾರ್ಕಿನ ತರುಣ ವೈದ್ಯನನ್ನು ಸರ್ಕಾರ ಅಲ್ಲಿಗೆ ಕಳುಹಿಸಿತು. ಅವನ ಬಳಿ ಪ್ರಯೋಗಾಲಯ ಇರಲಿಲ್ಲ. ಹಳ್ಳಿ ಹಳ್ಳಿಗೆ ಹೋಗಿ ಯಾರು ಯಾವತ್ತು ಎಲ್ಲಿಗೆ ಹೋಗಿದ್ದಿರಿ, ದದ್ದು ಯಾವತ್ತು ಎದ್ದಿತು ಎಂದು ಕೇಳಿ ಬರೆದುಕೊಂಡ. ಒಂದು ಹಳ್ಳಿಯ ಹತ್ತು ಮಂದಿ ಜೂನ್ 4ರಂದು ದೋಣಿಯಲ್ಲಿ ಬೇರೆ ಊರಿಗೆ ತಿಮಿಂಗಿಲ ಹಿಡಿಯಲು ಹೋಗಿದ್ದರು. ಜೂನ್ 18ರಂದು ಹತ್ತೂ ಮಂದಿಗೆ ದದ್ದು ಎದ್ದಿತು. ಸೋಂಕು ತಗುಲಿದ ಮೇಲೆ ದದ್ದಿಗೆ ಸುಮಾರು 14 ದಿನ ಬೇಕು ಎಂಬುದು ಹೀಗೆ ಹೊರಬಿತ್ತು. ಇನ್ನೊಂದು ಸಂಗತಿಯೂ ಅವನ ಕಣ್ಣಿಗೆ ಬಿತ್ತು: 1781ರಲ್ಲಿ ಚಿಕ್ಕವರಿದ್ದಾಗ ದಡಾರ ಬಂದಿದ್ದ ಮುದುಕರಿಗೆ ಈ ಸಲ ಬರಲಿಲ್ಲ. ಒಮ್ಮೆ ಬಂದರೆ ಜೀವಮಾನದ ರಕ್ಷಣೆ. ದೇವದುರ್ಗದ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಪುಸ್ತಕ ಆ ವೈದ್ಯನ ಪುಸ್ತಕದ ಸಂತಾನವೇ.

ಹರಿದ ಉದ್ರಿ ಪುಸ್ತಕ

ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂದಾದರೆ ಬಂದುಹೋಗಲಿ ಬಿಡಿ ಎನ್ನುವವರಿದ್ದಾರೆ. ಆ ‘ಬಂದುಹೋಗುವುದರ’ ಬೆಲೆ ದೊಡ್ಡದು. ನ್ಯುಮೋನಿಯಾ, ಭೇದಿ, ಕಿವಿ ಸೋರುವುದು ಸಾಮಾನ್ಯ. ವಿಟಮಿನ್ ಎ ಕೊರತೆ ಇರುವ ಮಗುವಿನ ಕಣ್ಣೇ ಹೋಗಬಹುದು. ಸಾವಿರದಲ್ಲಿ ಒಬ್ಬರಿಗೆ ಮಿದುಳಿನ ಉರಿಯೂತ.

ಇದಕ್ಕಿಂತ ಒಳಗಿನ ಪೆಟ್ಟು ಇನ್ನೊಂದು. ನಮ್ಮ ದೇಹ ಹಿಂದೆ ಎದುರಿಸಿದ ಪ್ರತಿಯೊಂದು ರೋಗಾಣುವಿನ ಗುರುತನ್ನೂ ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕ ಇಟ್ಟ ಹಾಗೆ ಬರೆದಿಟ್ಟುಕೊಂಡಿರುತ್ತದೆ. ಅದೇ ರೋಗಾಣು ಮತ್ತೆ ಬಂದರೆ ಪುಟ ತೆಗೆದು ಗುರುತು ಹಿಡಿಯುತ್ತದೆ. ದಡಾರದ ವೈರಸ್ ಆ ಪುಸ್ತಕದ ಪುಟಗಳನ್ನೇ ಹರಿಯುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಡಾರ ಬಂದ ಮಕ್ಕಳು ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ 11ರಿಂದ 73 ಪ್ರತಿಶತದವರೆಗೆ ಕಳೆದುಕೊಂಡಿದ್ದು ಕಂಡುಬಂತು. ಪ್ರತಿಕಾಯ ಎಂದರೆ ರೋಗಾಣುವನ್ನು ಹಿಡಿದುಹಾಕಲು ರಕ್ತ ತಯಾರಿಸಿಕೊಳ್ಳುವ ಆಯುಧ. ಗೊಬ್ಬರ ಬಂದು ಹೋದ ಮೇಲೆ ಮಗು ತಿಂಗಳುಗಟ್ಟಲೆ ಒಂದಲ್ಲ ಒಂದು ಬೇನೆ ಬೀಳುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದ ಮಾತಿಗೆ ಇದು ಕಾರಣ.

ಆದ್ದರಿಂದ ದದ್ದು ಇಳಿದ ಮಗುವನ್ನೂ ಆಸ್ಪತ್ರೆಗೆ ತೋರಿಸಬೇಕು. ಅಲ್ಲಿ ಮೊದಲು ಕೊಡುವುದು ವಿಟಮಿನ್ ಎ, ಎರಡು ದಿನ ಒಂದೊಂದು ಸಲ. ಒಂದು ವರ್ಷ ದಾಟಿದ ಮಗುವಿಗೆ ಪ್ರತಿ ಸಲ ಎರಡು ಲಕ್ಷ ಯೂನಿಟ್, ಚಿಕ್ಕವರಿಗೆ ಕಡಿಮೆ. ಅಮ್ಮನ ಹೆಸರಿನಲ್ಲಿ ಪಥ್ಯ ಹಿಡಿದು ಊಟ ಕಡಿಮೆ ಮಾಡುವುದು ಮಾತ್ರ ಬೇಡ. ಸೊಪ್ಪು ಬಾಗಿಲಲ್ಲಿ ಇರಲಿ, ಮಗುವಿನ ತಟ್ಟೆ ತುಂಬಿರಲಿ.

ತವರಿನ ಬುತ್ತಿ ಮುಗಿಯುವವರೆಗೆ

ಲಸಿಕೆಯನ್ನು ಹುಟ್ಟಿದ ಕೂಡಲೇ ಹಾಕಿಬಿಟ್ಟರೆ ಆಗದೇ? ಆಗುವುದಿಲ್ಲ. ಮಗು ಹುಟ್ಟುವಾಗ ತಾಯಿಯ ರಕ್ತದಿಂದ ಪ್ರತಿಕಾಯಗಳನ್ನು ಕಟ್ಟಿಸಿಕೊಂಡು ಬಂದಿರುತ್ತದೆ, ತವರಿನಿಂದ ಹೊರಟ ಮಗಳ ಕೈಯಲ್ಲಿ ಖಡಕ್ ರೊಟ್ಟಿಯ ಬುತ್ತಿ ಇದ್ದ ಹಾಗೆ. ಬುತ್ತಿ ಇರುವಾಗ ಯಾರೂ ಒಲೆ ಹೊತ್ತಿಸುವುದಿಲ್ಲ. ಲಸಿಕೆಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ತಾಯಿಯ ಪ್ರತಿಕಾಯಗಳು ಅದನ್ನು ಬಂದ ಕೂಡಲೇ ಅಳಿಸಿಹಾಕುತ್ತವೆ, ಮಗುವಿನ ದೇಹ ತಾನಾಗಿ ಏನನ್ನೂ ಕಲಿಯುವುದಿಲ್ಲ. ಒಂಬತ್ತು ತಿಂಗಳ ಹೊತ್ತಿಗೆ ಬುತ್ತಿ ಬಹುಪಾಲು ಮುಗಿದಿರುತ್ತದೆ. ಇನ್ನೂ ಕಾಯುತ್ತ ಕುಳಿತರೆ ಮಗು ಬರಿಗೈಯಲ್ಲಿ ರೋಗದೆದುರು ನಿಲ್ಲಬೇಕಾಗುತ್ತದೆ. ಒಂಬತ್ತು ತಿಂಗಳು ಎಂಬುದು ಈ ಎರಡರ ನಡುವೆ ಹುಡುಕಿದ ಜಾಗ.

ಆಗ ಹಾಕಿದರೂ ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಸಿಗುತ್ತದೆ. ಉಳಿದವರಲ್ಲಿ ಕೆಲವರ ಬುತ್ತಿ ಇನ್ನೂ ಖಾಲಿಯಾಗಿರುವುದಿಲ್ಲ. 16ರಿಂದ 24 ತಿಂಗಳ ನಡುವಿನ ಎರಡನೇ ಡೋಸ್ ಇರುವುದು ಮುಖ್ಯವಾಗಿ ಇವರಿಗಾಗಿ. ಯಾರು ಉಳಿದವರು ಎಂದು ಮುಖ ನೋಡಿ ಹೇಳಲಾಗದ ಕಾರಣ ಎಲ್ಲರಿಗೂ ಹಾಕುತ್ತಾರೆ. ಎರಡೂ ಬಿದ್ದರೆ ನೂರಕ್ಕೆ 97ರಷ್ಟು ರಕ್ಷಣೆ.

ಗುಳೆ ಹೋದ ಮನೆಯ ಲೆಕ್ಕ

ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಬೇಕು ಎಂಬ ಗುರಿಯನ್ನು ಕೇಳಿರುತ್ತೀರಿ. ಈ ಅಂಕಿ ಹೇಗೆ ಬಂತು ಎಂದು ಬೆರಳ ಮೇಲೆ ಎಣಿಸಬಹುದು. ಒಬ್ಬ ರೋಗಿ 15 ಮಂದಿಗೆ ಅಂಟಿಸುತ್ತಾನೆ ಎನ್ನಿ. ಆ 15ರಲ್ಲಿ 14 ಮಂದಿಗೆ ರಕ್ಷಣೆ ಇದ್ದರೆ ರೋಗ ಒಬ್ಬನಿಗೆ ಮಾತ್ರ ದಾಟುತ್ತದೆ, ಅವನಿಂದ ಇನ್ನೊಬ್ಬನಿಗೆ. ರೋಗ ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. 15ರಲ್ಲಿ 14 ಎಂದರೆ ನೂರಕ್ಕೆ 93. ಅದಕ್ಕಿಂತ ಒಂದಿಷ್ಟು ಮೇಲೆ ಹೋದರೆ ಮಾತ್ರ ಸರಪಳಿ ಕಡಿಯುತ್ತದೆ.

ಈಗ ನೂರು ಮಕ್ಕಳು ಹುಟ್ಟುವ ಊರೊಂದನ್ನು ತೆಗೆದುಕೊಳ್ಳಿ. 90 ಮಕ್ಕಳಿಗೆ ಮೊದಲ ಡೋಸ್ ಆಗಿದೆ, ಎರಡನೆಯದು ಯಾರಿಗೂ ಆಗಿಲ್ಲ. ತೊಂಬತ್ತು ಚೆನ್ನಾಗಿಯೇ ಕೇಳುತ್ತದೆ. ಆದರೆ ನಿಜವಾಗಿ ರಕ್ಷಣೆ ಸಿಕ್ಕಿದ್ದು 76 ಮಕ್ಕಳಿಗೆ. ಹೊರಗುಳಿದವರು 24. ನಾಲ್ಕು ವರ್ಷ ಹೀಗೇ ನಡೆದರೆ ಹೊರಗುಳಿದವರು ನೂರರ ಹತ್ತಿರ ಬರುತ್ತಾರೆ, ಅಂದರೆ ಒಂದು ವರ್ಷದಲ್ಲಿ ಹುಟ್ಟಿದ ಅಷ್ಟೂ ಮಕ್ಕಳಿಗೆ ಲಸಿಕೆಯೇ ಇಲ್ಲದ ಹಾಗೆ. ವರ್ಷಗಟ್ಟಲೆ ತೆಪ್ಪಗಿದ್ದ ಊರಿನಲ್ಲಿ ದಡಾರ ಒಮ್ಮೆಲೇ ಏಳುವುದು ಹೀಗೆ ಕೂಡಿಬಿದ್ದ ಒಣ ಹುಲ್ಲಿಗೆ ಕಿಡಿ ಬಿದ್ದಾಗ.

ಹೊರಗುಳಿಯುವವರು ಊರಿನ ತುಂಬ ಸಮವಾಗಿ ಹಂಚಿಹೋಗಿರುವುದಿಲ್ಲ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳು ಸುಗ್ಗಿ ಮುಗಿಸಿ ಬೆಂಗಳೂರಿಗೆ, ಗೋವಾಕ್ಕೆ, ಪುಣೆಗೆ ಗುಳೆ ಹೋಗುತ್ತವೆ. ಕೂಸಿಗೆ ಒಂಬತ್ತು ತಿಂಗಳು ತುಂಬುವ ದಿನ ತಾಯಿ ಯಾವುದೋ ಕಟ್ಟಡದ ಕೆಲಸದ ಶೆಡ್ಡಿನಲ್ಲಿರುತ್ತಾಳೆ. ಊರಿನ ಪಟ್ಟಿಯಲ್ಲಿ ‘ಮನೆಗೆ ಬೀಗ’, ಪಟ್ಟಣದ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಂಥ ಮಕ್ಕಳೆಲ್ಲ ಒಂದೇ ಶೆಡ್ಡಿನ ಸಾಲಿನಲ್ಲಿ ಸೇರುತ್ತಾರೆ. ಹಬ್ಬಕ್ಕೆ, ಜಾತ್ರೆಗೆ ಒಂದೇ ಬಸ್ಸಿನಲ್ಲಿ ಹಿಂತಿರುಗುತ್ತಾರೆ. ದಡಾರ ನಮ್ಮಲ್ಲಿ ತಲೆ ಎತ್ತುವುದೂ ಚಳಿಗಾಲದ ಕೊನೆಯಿಂದ ಬೇಸಿಗೆಯ ನಡುವೆ, ಅದೇ ದಿನಗಳಲ್ಲಿ.

ತಾಯಿ ಕಾರ್ಡ್ ಯಾವ ಊರಿನದೇ ಇರಲಿ, ಸರ್ಕಾರಿ ಲಸಿಕಾ ಕೇಂದ್ರ ಎಲ್ಲಿದ್ದರೂ ಸೂಜಿ ಹಾಕುತ್ತಾರೆ. ದಿನ ತಪ್ಪಿದರೆ ಮುಗಿಯಿತು ಎಂದೇನಿಲ್ಲ, ಐದು ವರ್ಷ ತುಂಬುವವರೆಗೆ ಹಾಕಿಸಬಹುದು.

ಸೀಸೆಯ ಮೇಲೆ ಬರೆದ ಗಂಟೆ

ಅಂಗನವಾಡಿಯಲ್ಲಿ ಸೂಜಿ ಹಾಕುವ ಸಿಸ್ಟರ್ ಪುಟ್ಟ ಸೀಸೆಯೊಂದರ ಮೇಲೆ ಪೆನ್ನಿನಿಂದ ಗಂಟೆ ಬರೆಯುವುದನ್ನು ಗಮನಿಸಿದ್ದೀರಾ? ದಡಾರ-ರುಬೆಲ್ಲಾ ಲಸಿಕೆ ಬರುವುದು ಪುಡಿಯಾಗಿ. ಅದಕ್ಕೆ ತಣ್ಣಗಿನ ದ್ರಾವಕ ಬೆರೆಸಿದ ಕ್ಷಣದಿಂದ ಆಯುಷ್ಯ ನಾಲ್ಕೇ ಗಂಟೆ. ಅದರಲ್ಲಿ ಕೆಡದಂತೆ ತಡೆಯುವ ಮದ್ದು ಬೆರೆಸಿರುವುದಿಲ್ಲ. ಹೊತ್ತು ಮೀರಿದರೆ ಒಳಗೆ ಬೇರೆ ರೋಗಾಣು ಬೆಳೆದು ಮಗುವಿನ ಜೀವಕ್ಕೇ ಕುತ್ತು ತರಬಹುದು. ಬೆರೆಸಿದ ಸೀಸೆಯನ್ನು ಐಸ್ ಪ್ಯಾಕಿನ ಕುಳಿಯಲ್ಲಿ ನಿಲ್ಲಿಸಿ, ಬಿಸಿಲಿನಿಂದ ಮರೆಮಾಡಿ ಇಟ್ಟಿರುತ್ತಾರೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವ ದಿನಗಳಲ್ಲಿ ಇದು ಸಣ್ಣ ಕೆಲಸವಲ್ಲ.

ಸೀಸೆಯ ಮೇಲೆ ಒಂದು ಗುರುತೂ ಇರುತ್ತದೆ: ವೃತ್ತದೊಳಗೆ ಚೌಕ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿಯಿದೆ. ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಎರಡರ ಬಣ್ಣ ಒಂದಾದರೆ ಸೀಸೆಯನ್ನು ಎಸೆಯಬೇಕು. ಇದನ್ನು ತಾಯಂದಿರೂ ಬಗ್ಗಿ ನೋಡಬಹುದು, ಸಿಸ್ಟರ್ ಬೇಜಾರು ಮಾಡಿಕೊಳ್ಳಬಾರದು.

ಮಧ್ಯಾಹ್ನದ ಮೇಲೆ ಹೋದವರಿಗೆ “ಸೀಸೆ ಮುಗಿಯಿತು, ಮುಂದಿನ ವಾರ ಬನ್ನಿ” ಎಂಬ ಉತ್ತರ ಸಿಗುವುದು ಹಲವು ಸಲ ಈ ನಾಲ್ಕು ಗಂಟೆಯ ಕಾರಣಕ್ಕೆ. ಲಸಿಕೆ ಉಳಿದಿದ್ದರೂ ಎಸೆದಿರುತ್ತಾರೆ. ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.

ಕಾರ್ಯಕರ್ತೆಯರೇ ಎಡವುವ ಕಡೆ

ತಿಳಿವಳಿಕೆ ಕೆಲಸದಲ್ಲಿ ಕಾಣದೆ ಹೋಗುವುದೂ ಉಂಟು. ಒಮ್ಮೆ ತಂಗಿಯ ಕೂಸನ್ನು ಎತ್ತಿಕೊಂಡು ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಲಸಿಕೆಯ ಸಾಲೂ ಜ್ವರದ ಸಾಲೂ ಒಂದೇ ವರಾಂಡದ ಒಂದೇ ಬೆಂಚಿನ ಮೇಲೆ. ಕಣ್ಣು ಕೆಂಪಾಗಿ ಕೆಮ್ಮುತ್ತಿದ್ದ ಹುಡುಗನ ಪಕ್ಕದಲ್ಲೇ ಇನ್ನೂ ಲಸಿಕೆಯಾಗದ ಕೂಸುಗಳು. ಆ ಹುಡುಗನಿಗೆ ಇದ್ದದ್ದು ಬರಿಯ ನೆಗಡಿಯೇ ಇರಬಹುದು, ಆದರೆ ಬೆಂಚಿಗೆ ಅದು ಗೊತ್ತಿರಲಿಲ್ಲ. ಜ್ವರ ಮತ್ತು ದದ್ದು ಇರುವ ಮಗುವನ್ನು ಬಾಗಿಲಲ್ಲೇ ಗುರುತಿಸಿ ಬಯಲಿನ ನೆರಳಿನಲ್ಲೋ ಬೇರೆ ಕೋಣೆಯಲ್ಲೋ ಕೂರಿಸಲು ಖರ್ಚೇನೂ ಇಲ್ಲ.

ಎರಡನೆಯದು, ಸಣ್ಣ ನೆಗಡಿ, ಕೆಮ್ಮು, ಭೇದಿ ಇದೆಯೆಂದು ಲಸಿಕೆ ಹಾಕದೆ ತಿರುಗಿ ಕಳುಹಿಸುವುದು. ಇವು ಯಾವುವೂ ಅಡ್ಡಿಯಲ್ಲ. ಬಡಕಲು ಮಗು ಎಂದು ಮುಂದೂಡುವುದಂತೂ ತಿರುಗುಮುರುಗು ಲೆಕ್ಕ, ದಡಾರ ಹೆಚ್ಚು ಕಾಡುವುದು ಅಂಥ ಮಕ್ಕಳನ್ನೇ. ಲಸಿಕೆಯಾಗಿ ವಾರದ ಮೇಲೆ ಕೆಲವರಿಗೆ ತುಸು ಜ್ವರ, ತೆಳು ದದ್ದು ಬಂದು ಹೋಗುತ್ತದೆ. ಅದು ಇನ್ನೊಬ್ಬರಿಗೆ ಅಂಟುವುದಿಲ್ಲ. ಇದನ್ನು ಮೊದಲೇ ಹೇಳಿಡದಿದ್ದರೆ “ಸೂಜಿಯಿಂದಲೇ ಗೊಬ್ಬರ ಬಂತು” ಎಂಬ ಮಾತು ಮೊಬೈಲ್ ಏರಿ ಓಣಿ ಸುತ್ತುತ್ತದೆ.

ಮೂರನೆಯದು ಅವರದೇ ಮೈ. ಬಾಲ್ಯದಲ್ಲಿ ದಡಾರ ಬಾರದ, ಲಸಿಕೆಯೂ ಆಗದ ನರ್ಸ್ ತಾನೇ ರೋಗ ಹೊತ್ತು ಮನೆ ಮನೆಗೆ ಹೋಗಬಹುದು. ದಡಾರದ ಶಂಕೆ ಇರುವ ಮಗುವಿನ ಬಳಿ ಸಾದಾ ಬಟ್ಟೆಯ ಮಾಸ್ಕ್ ಸಾಲದು, ತೇಲುವ ಕಣ ತಡೆಯಲು ಎನ್-95 ಬೇಕು. ಬಸುರಿ ಕಾರ್ಯಕರ್ತೆಗೆ ಈ ಲಸಿಕೆ ಹಾಕುವುದಿಲ್ಲವಾದ್ದರಿಂದ, ರಕ್ಷಣೆ ಇಲ್ಲದಿದ್ದರೆ ಆ ಮನೆಗೆ ಬೇರೆಯವರು ಹೋಗಬೇಕು.

42 ದಿನ

ಮತ್ತೆ ಅಜ್ಜಿಯ ಕಟ್ಟೆಗೆ ಬರೋಣ. ಮೊಮ್ಮಗ ಆ ನಾಲ್ಕು ದಿನ ಯಾರ ಜೊತೆ ಆಡಿದ್ದ ಎಂಬ ಪಟ್ಟಿ ಸಿಕ್ಕಿತು ಎನ್ನಿ. ಲಸಿಕೆಯಾಗದ ಮಗುವಿಗೆ ಸೋಂಕು ತಗುಲಿದ 72 ಗಂಟೆಯೊಳಗೆ ಲಸಿಕೆ ಹಾಕಿದರೆ ರೋಗವನ್ನು ತಡೆಯುವ ಸಾಧ್ಯತೆ ಇನ್ನೂ ಇರುತ್ತದೆ. ಮೂರು ದಿನ ಕಳೆದಿದ್ದರೂ ಸುತ್ತಲಿನ ಮನೆಗಳಲ್ಲಿ ಬಿಟ್ಟುಹೋದವರಿಗೆಲ್ಲ ಹಾಕುತ್ತಾರೆ, ಮುಂದಿನ ಸುತ್ತಿಗೆ ದಾರಿ ಇರದಂತೆ. ಸೋಂಕು ತಗುಲಿದವರಿಗೆ ದದ್ದು ಏಳಲು ಸಾಮಾನ್ಯವಾಗಿ ಎರಡು ವಾರ, ಹೆಚ್ಚೆಂದರೆ 21 ದಿನ. ಒಂದು ಸುತ್ತು ಕಣ್ಣಿಗೆ ಬೀಳದೆ ದಾಟಿರಬಹುದು ಎಂದು ಎರಡು ಸುತ್ತು ಕಾಯುತ್ತಾರೆ, ಒಟ್ಟು 42 ದಿನ. ಕೊನೆಯ ಮಗುವಿಗೆ ದದ್ದು ಎದ್ದ ದಿನದಿಂದ ಆಶಾ ಕಾರ್ಯಕರ್ತೆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸುತ್ತ ಹೋಗುತ್ತಾರೆ. ನಡುವೆ ಹೊಸ ದದ್ದೊಂದು ಕಂಡರೆ ಎಣಿಕೆ ಮತ್ತೆ ಒಂದರಿಂದ.